‘ನಾನು’ ಕರಗಿದರೆ ಬೆಳೆಯುವುದು ಯಾರು?

ಪ್ರಶ್ನೆ: ನಾನು ಕುಮಟಾ ಹತ್ತಿರದ ಹಳ್ಳಿಯವಳು, ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ, ವಯಸ್ಸು 43. ಊರಿನ ಒಂದು ಸೇವಾ ಬಳಗದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರುವವರಿಗೆ ಊಟ ಕೊಡುತ್ತೇವೆ, ಬಡ ಮಕ್ಕಳಿಗೆ ಸಂಜೆ ಪಾಠ ಮಾಡುತ್ತೇವೆ, ನೆರೆ ಬಂದರೆ ಗಂಜಿ ಕೇಂದ್ರದಲ್ಲಿ ಕೆಲಸ ಮಾಡುತ್ತೇವೆ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಅವರ ಆರೈಕೆ ಪೂರ್ತಿ ನನ್ನದೇ. ಮೊದಲು ಭಾವಗೀತೆ ಹಾಡುತ್ತಿದ್ದೆ, ಈಗ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿಯೇ ಇದೆ. ಬಳಗದ ಸತ್ಸಂಗದಲ್ಲಿ ‘ನಾನು ಅನ್ನೋದು ಪೂರ್ತಿ ಕರಗಬೇಕು, ಆಗಲೇ ಆತ್ಮ ಬೆಳೆಯುವುದು’ ಅನ್ನುತ್ತಾರೆ. ನಾನೇ ಕರಗಿದರೆ ಬೆಳೆಯುವುದು ಯಾರು? ಇನ್ನೊಂದು ಹೇಳಲು ನಾಚಿಕೆ. ಊಟ ತಗೊಂಡವರು ಒಂದು ಮಾತೂ ಆಡದೆ ಹೋದರೆ ನನಗೆ ಸಿಟ್ಟು ಬರುತ್ತದೆ. ಹಾಗಾದರೆ ಇಷ್ಟು ವರ್ಷ ಮಾಡಿದ್ದು ನಿಸ್ವಾರ್ಥ ಸೇವೆ ಅಲ್ವಾ? ಗೀತೆ ಓದಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಉತ್ತರ: ತಂಗಿ, ನಿಮ್ಮ ಮೊದಲ ಪ್ರಶ್ನೆಯನ್ನು ಸತ್ಸಂಗದಲ್ಲೇ ಎದ್ದು ನಿಂತು ಕೇಳಬೇಕಿತ್ತು. ಹೇಳುವವರೂ ಒಂದು ಗಳಿಗೆ ಯೋಚನೆ ಮಾಡುತ್ತಿದ್ದರು. ‘ನಾನು ಕರಗಬೇಕು’ ಅನ್ನುವ ಮಾತನ್ನು ಕೇಳಿ ಕೇಳಿ ನಮಗೆ ರೂಢಿಯಾಗಿಬಿಟ್ಟಿದೆ. ಅದರೊಳಗೆ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ ಅನ್ನುವುದು ಕಣ್ಣಿಗೇ ಬೀಳುವುದಿಲ್ಲ. ನಾನು ಮಾಡಿದೆ, ನನ್ನಿಂದ ಆಯ್ತು, ನನಗೇನು ಬಂತು ಅಂತ ಸದಾ ಲೆಕ್ಕ ಇಡುವ ‘ನಾನು’ ಒಂದಿದೆ. ನಿಮ್ಮ ಕಂಠ, ನಿಮ್ಮ ಕೈಗುಣ, ಅರ್ಥವಾಗದ ಹುಡುಗನಿಗೆ ನೀವು ಭಿನ್ನರಾಶಿ ಬಿಡಿಸಿ ಹೇಳುವ ರೀತಿ, ಯಾವುದು ಸರಿ ಯಾವುದು ತಪ್ಪು ಅಂತ ನಿಮಗೇ ಒಳಗಿಂದ ಅನ್ನಿಸುವುದು, ಇವೆಲ್ಲ ಸೇರಿ ಆದ ‘ನಾನು’ ಇನ್ನೊಂದು. ಕರಗಬೇಕಾದ್ದು ಲೆಕ್ಕ ಇಡುವವನು. ಇನ್ನೊಂದೂ ಕರಗಿ ಹೋದರೆ ಸೇವೆ ಮಾಡಲು ಆಳೇ ಇರುವುದಿಲ್ಲ. ಸೇವೆಯಿಂದ ಮನುಷ್ಯ ಬೆಳೆಯುತ್ತಾನೆ ಅನ್ನುವುದನ್ನು ನಾನು ಪೂರ್ತಿ ನಂಬುತ್ತೇನೆ. ಹಾಗೆ ಬೆಳೆಯುವುದು ಈ ಇನ್ನೊಂದು ‘ನಾನು’.

ಶಾಸ್ತ್ರ ಹೀಗೆ ಹೇಳುತ್ತದಾ ಅಂತ ನೀವು ಕೇಳಬಹುದು. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಊರಿದೆ. ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವಾಗ ಸಿಗುವ ಸೋಂದಾ. ಅಲ್ಲಿರುವ ಸ್ವರ್ಣವಲ್ಲಿ ಮಠ ಶಂಕರರ ಅದ್ವೈತದ ಪರಂಪರೆಯದ್ದು. ವಾದಿರಾಜರ ಮಠ ಮಧ್ವರ ದ್ವೈತದ್ದು. ಸ್ವಾದಿ ಜೈನ ಮಠವೂ ಅಲ್ಲೇ ಇದೆ. ಮನುಷ್ಯನ ‘ನಾನು’ ಕೊನೆಗೆ ಏನಾಗುತ್ತದೆ ಅಂತ ಕೇಳಿದರೆ ಒಂದೇ ಊರಿನಲ್ಲಿ ಮೂರು ಉತ್ತರ ಸಿಗುತ್ತವೆ. ಜೀವಗಳು ಬೇರೆ ಬೇರೆಯಾಗಿ ಕಾಣುವುದು ಅಜ್ಞಾನ ಇರುವ ತನಕ ಮಾತ್ರ, ನಿಜದಲ್ಲಿ ಇರುವುದು ಒಂದೇ, ಇದು ಅದ್ವೈತ. ಪ್ರತಿ ಜೀವವೂ ಬೇರೆ, ಮೋಕ್ಷ ಸಿಕ್ಕಿದ ಮೇಲೂ ಬೇರೆ, ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಸ್ವರೂಪಕ್ಕೆ ತಕ್ಕ ಆನಂದ ಪಡೆಯುತ್ತಾರೆ, ಇದು ದ್ವೈತ. ಜೈನರಲ್ಲೂ ಜೀವಗಳು ಲೆಕ್ಕವಿಲ್ಲದಷ್ಟು. ಮೋಕ್ಷ ಪಡೆದು ಸಿದ್ಧರಾದ ಮೇಲೂ ಯಾರೂ ಯಾರೊಳಗೂ ಸೇರಿ ಮಾಯವಾಗುವುದಿಲ್ಲ.

ಅಂದರೆ ‘ಪೂರ್ತಿ ಕರಗಬೇಕು’ ಅನ್ನುವುದು ಎಲ್ಲರೂ ಒಪ್ಪಿದ ಮಾತೇನಲ್ಲ. ಮೂರರಲ್ಲಿ ಎರಡು ಮಠದವರು ಒಪ್ಪುವುದಿಲ್ಲ. ಇನ್ನು ಅದ್ವೈತಿಗಳು ಕೂಡ, ಕೆಲಸ ಮಾಡಿ ಮಾಡಿ ಸುಸ್ತಾಗಿ ತಾನು ಯಾರೆಂದೇ ಮರೆತುಹೋಗುವುದನ್ನು ಮೋಕ್ಷ ಅಂತ ಕರೆದಿಲ್ಲ. ಅವರ ಪ್ರಕಾರ ಫಲದ ಆಸೆ ಬಿಟ್ಟು ಮಾಡಿದ ಕೆಲಸದಿಂದ ಸಿಗುವುದು ಚಿತ್ತಶುದ್ಧಿ. ಮನಸ್ಸು ತಿಳಿಯಾಗುತ್ತದೆ, ಆಮೇಲೆ ಜ್ಞಾನ ದಕ್ಕುತ್ತದೆ. ನಿಮ್ಮ ಮನಸ್ಸು ಸೇವೆ ಮಾಡಿದಷ್ಟೂ ಕದಡುತ್ತಾ ಹೋಗುತ್ತಿದ್ದರೆ, ಅದ್ವೈತದ ದಾರಿಯಲ್ಲೂ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ.

ಮೂವರೂ ವಾದ ಬಿಟ್ಟು ಕೂಡುವ ಜಾಗವೂ ಒಂದಿದೆ. ಜೈನರ ತತ್ತ್ವಾರ್ಥಸೂತ್ರ, ಜೀವಗಳು ಇರುವುದೇ ಒಂದಕ್ಕೊಂದು ಉಪಕಾರವಾಗುವುದಕ್ಕೆ ಅನ್ನುತ್ತದೆ. ಶಂಕರರ ಕಡೆಯವರು ನಿಷ್ಕಾಮ ಕರ್ಮ ಅನ್ನುತ್ತಾರೆ. ಮಧ್ವರದ್ದು ಇನ್ನೂ ಖಡಕ್ ಮಾತು. ಜನರ ಸೇವೆಯನ್ನು ಅವರು ದೇವರಿಗೆ ಕಟ್ಟಬೇಕಾದ ಕಂದಾಯಕ್ಕೆ ಹೋಲಿಸಿದ್ದಾರೆ. ನನಗೆ ಬಹಳ ಹಿಡಿಸಿದ ಹೋಲಿಕೆ ಇದು. (1930ರ ದಶಕದ ಕರನಿರಾಕರಣೆಯಲ್ಲಿ ಕಂದಾಯ ಕಟ್ಟದೆ ಜಮೀನು ಕಳೆದುಕೊಂಡವರು ಶಿರಸಿ, ಸಿದ್ದಾಪುರ, ಅಂಕೋಲಾದ ರೈತರು. ಅವರ ಮೊಮ್ಮಕ್ಕಳ ಎದುರು ಕಂದಾಯದ ಮಹಿಮೆ ಹೇಳುವುದು ಸ್ವಲ್ಪ ಕಷ್ಟ, ಅದು ಬೇರೆ ಮಾತು.) ಕಂದಾಯ ಕಟ್ಟಿ ಬಂದವರು ತಲಾಟಿ ಥ್ಯಾಂಕ್ಸ್ ಹೇಳಲಿಲ್ಲ ಅಂತ ಸಿಟ್ಟಾಗುತ್ತಾರಾ? ಕಟ್ಟಬೇಕಾದ್ದು ಕಟ್ಟಿದೆವು, ಮುಗಿಯಿತು. ನಮಗೆ ಬುದ್ಧಿ, ಆರೋಗ್ಯ, ಸಂಬಳ, ಎರಡು ಹೊತ್ತಿನ ಊಟ ಎಲ್ಲ ಸಿಕ್ಕಿದೆ. ಅದರ ಮೇಲಿನ ಬಾಕಿ ಅದು. ಹೀಗೆ ನೋಡಿದರೆ ‘ನಾನು ಕೊಟ್ಟೆ’ ಅನ್ನುವ ಜಂಬಕ್ಕೆ ಜಾಗವೇ ಇಲ್ಲ.

ಈಗ ನಿಮ್ಮ ಸಿಟ್ಟಿನ ವಿಷಯ. ಅದರಿಂದ ಇಷ್ಟು ವರ್ಷ ಮಾಡಿದ್ದೆಲ್ಲ ಸುಳ್ಳಾಗುವುದಿಲ್ಲ. ಹಸಿದವರು ಉಂಡಿದ್ದಾರೆ, ಆ ಊಟ ನಿಜ. ಸಿಟ್ಟು ಬಂದಿದ್ದು ನೋಡಿ ನಾಚಿಕೆಪಟ್ಟು ನನಗೆ ಬರೆದಿರಲ್ಲ, ಅದು ಬೆಳೆಯುತ್ತಿರುವವರ ಲಕ್ಷಣ. ಬೆಳೆಯದೇ ಇದ್ದವರು ಅದೇ ಸಿಟ್ಟನ್ನು ‘ಈ ಜನಕ್ಕೆ ಕೃತಜ್ಞತೆಯೇ ಇಲ್ಲ’ ಅಂತ ಭಾಷಣ ಮಾಡಿ ಮುಗಿಸುತ್ತಾರೆ. ಆದರೆ ಎಲ್ಲ ಸಿಟ್ಟನ್ನೂ ಅಹಂಕಾರದ ತಲೆಗೆ ಕಟ್ಟಬೇಡಿ. ರಾತ್ರಿ ಅತ್ತೆಗೆ ಮಗ್ಗುಲು ಬದಲಿಸಿ, ಬೆಳಿಗ್ಗೆ ಶಾಲೆಗೆ ಹೋಗಿ, ಸಂಜೆ ಊಟದ ಪಾತ್ರೆ ಹೊತ್ತು ಆಸ್ಪತ್ರೆ ಮೆಟ್ಟಿಲು ಹತ್ತುವವರಿಗೆ ಸಿಟ್ಟು ಬೇಗ ಬರುತ್ತದೆ. ಅದಕ್ಕೆ ಬೇಕಾದ್ದು ನಿದ್ದೆ, ವೇದಾಂತ ಅಲ್ಲ.

ಊಟ ತಗೊಳ್ಳುವವರ ಕಡೆಯಿಂದಲೂ ಒಮ್ಮೆ ನೋಡಿ. ಗಂಡನಿಗೋ ಮಗುವಿಗೋ ಹುಷಾರಿಲ್ಲ ಅಂತ ಬಂದು ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಕೂತವರು ಅವರು. ಊರಲ್ಲಿ ಅವರೂ ನಾಲ್ಕು ಜನಕ್ಕೆ ಬಡಿಸಿದವರೇ. ಇವತ್ತು ಗುರುತಿಲ್ಲದವರ ಎದುರು ತಟ್ಟೆ ಹಿಡಿಯಬೇಕು. ಮಾತು ಹೊರಡದಿದ್ದರೆ ಆಶ್ಚರ್ಯ ಏನು? ತೈತ್ತಿರೀಯ ಉಪನಿಷತ್ತಿನಲ್ಲಿ ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತುಗಳಿವೆ. ಶ್ರದ್ಧೆಯಿಂದ ಕೊಡು, ಶ್ರದ್ಧೆ ಇಲ್ಲದೆ ಕೊಡಬೇಡ, ಅನ್ನುತ್ತಾ ‘ಹ್ರಿಯಾ ದೇಯಮ್’ ಅಂತಲೂ ಅನ್ನುತ್ತಾನೆ. ನಾಚಿಕೊಂಡು ಕೊಡು. ತಗೊಳ್ಳುವವರು ನಾಚಿಕೊಳ್ಳಬೇಕು ಅಂತ ನಾವು ತಿಳಿದಿದ್ದೇವೆ. ಉಪನಿಷತ್ತು ಆ ನಾಚಿಕೆಯನ್ನು ಎತ್ತಿ ಕೊಡುವವರ ಮೇಲೆ ಇಡುತ್ತದೆ. ಅದಕ್ಕೇ ನನಗೆ ಊಟ ಕೊಡುವಾಗ ಫೋಟೋ ತೆಗೆದು ಗ್ರೂಪಿಗೆ ಹಾಕುವುದನ್ನು ಕಂಡರೆ ಆಗುವುದಿಲ್ಲ. ದಾನಿಗಳಿಗೆ ಲೆಕ್ಕ ತೋರಿಸಬೇಕು ಅನ್ನುತ್ತಾರೆ. ತೋರಿಸಲಿ, ಅಕ್ಕಿ ಬೇಳೆಯ ರಸೀದಿ ತೋರಿಸಲಿ. ತಟ್ಟೆ ಹಿಡಿದವರ ಮುಖ ಯಾಕೆ ಬೇಕು?

ನಾಚಿಕೊಂಡು ಕೊಡುವುದು ಹೇಗಿರುತ್ತದೆ ಅಂತ ನೋಡಬೇಕಾದರೆ ನಮ್ಮ ಕಡೆಯ ಮದುವೆ, ಸಂತರ್ಪಣೆಗಳಲ್ಲಿ ಪಳಗಿದವರು ಬಡಿಸುವುದನ್ನು ನೋಡಿ. ಶಿರಸಿ ಕಡೆಯ ಒಬ್ಬರು ನನಗೆ ಗೊತ್ತು, ತೋಟದ ಕೆಲಸದವರು, ಹೆಸರು ಬೇಡ. ಹಂತಿಯಲ್ಲಿ ಬಗ್ಗಿ ಹೋಗುವಾಗ ಅವರ ಕಣ್ಣು ಉಣ್ಣುವವರ ಮುಖದ ಮೇಲೆ ಇರುವುದಿಲ್ಲ, ಬಾಳೆಯ ಮೇಲೆ ಇರುತ್ತದೆ. ಯಾವ ಬಾಳೆಯಲ್ಲಿ ಅನ್ನ ಮುಗಿಯುತ್ತಾ ಬಂತು, ಯಾರು ಪಲ್ಯ ಬದಿಗೆ ಸರಿಸಿದ್ದಾರೆ, ಎಲ್ಲಿ ಮಗು ಕೂತಿದೆ. ಹಲ್ಲಿಲ್ಲದ ಅಜ್ಜನಿಗೆ ಪಾತ್ರೆಯ ನಡುವಿನ ಮೆತ್ತಗಿನ ಅನ್ನ, ಮೇಲೆ ಸಾರು ಸ್ವಲ್ಪ ಜಾಸ್ತಿ. ‘ಸಾಕಾ?’ ಅಂತ ಅವರು ಕೇಳುವುದಿಲ್ಲ. ಕೇಳಿದರೆ ಸಂಕೋಚದವರು ಸಾಕು ಅಂದುಬಿಡುತ್ತಾರೆ. ಸುಮ್ನೆ ಸೌಟು ಹಿಡಿದು ಅರೆಗಳಿಗೆ ನಿಲ್ಲುತ್ತಾರೆ. ಕೈ ಅಡ್ಡ ಬಂದರೆ ಮುಂದೆ, ಬರದಿದ್ದರೆ ಬಡಿಸಿದಂತೆ. ಉಂಡೆದ್ದವರಿಗೆ ಬಡಿಸಿದ್ದು ಯಾರೆಂದು ನೆನಪೇ ಇರುವುದಿಲ್ಲ. ಆದರೆ ಸುತ್ತಲಿನ ಯಾವ ಮನೆಯಲ್ಲಿ ಕಾರ್ಯದ ದಿನ ಗೊತ್ತಾದರೂ ಯಜಮಾನರ ಮೊದಲ ಫೋನ್ ಹೋಗುವುದು ಇವರಿಗೆ. ತಾನು ಬಡಿಸುತ್ತಿದ್ದೇನೆ ಅನ್ನುವುದನ್ನು ಮರೆತಷ್ಟೂ ಬಡಿಸುವುದರಲ್ಲಿ ಇವರಂಥವರು ಇನ್ನೊಬ್ಬರಿಲ್ಲ ಅನ್ನುವ ಹಾಗೆ ಆಗಿದ್ದಾರೆ. ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇವರೇ.

ಇದರ ಉಲ್ಟಾ ನೋಡಬೇಕಾದರೆ ನೆರೆಯ ದಿನಗಳನ್ನು ನೆನಪು ಮಾಡಿಕೊಳ್ಳಿ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿದಾಗ ಗಂಜಿ ಕೇಂದ್ರಗಳಿಗೆ ಏನೇನು ಬಂತು ಅಂತ ಕೆಲಸ ಮಾಡಿದ ನಿಮಗೇ ಗೊತ್ತಿರಬಹುದು. ಇಂಥ ಹೊತ್ತಿನಲ್ಲಿ ಹಳೆ ಬಟ್ಟೆಯ ಮೂಟೆ ರಾಶಿ ಬೀಳುತ್ತದೆ. ಬೇಕಾಗಿರುವುದು ಒಣಗಿದ ಒಳ ಉಡುಪು, ಹೆಂಗಸರಿಗೆ ಪ್ಯಾಡು, ಮಕ್ಕಳ ಪುಸ್ತಕ, ಕೆಸರು ಬಳಿಯಲು ಹಾರೆ, ಪೊರಕೆ. ಕೊಟ್ಟವರಿಗೆ ಕೊಟ್ಟ ಖುಷಿ, ಕಪಾಟು ಖಾಲಿಯಾದ ಖುಷಿ. ಗೀತೆಯ 17ನೇ ಅಧ್ಯಾಯದಲ್ಲಿ ಸಾತ್ವಿಕ ದಾನದ ಬಗ್ಗೆ ಒಂದು ಶ್ಲೋಕವಿದೆ. ತಿರುಗಿ ಉಪಕಾರ ಮಾಡಲಾಗದವರಿಗೆ, ಕೊಡಬೇಕು ಅಂತಲೇ ಕೊಡುವುದು, ಅದೂ ಸರಿಯಾದ ಜಾಗ, ಸರಿಯಾದ ಹೊತ್ತು, ಸರಿಯಾದ ಮನುಷ್ಯ ನೋಡಿ. ಪ್ರವಚನಗಳಲ್ಲಿ ಮೊದಲ ಅರ್ಧದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ, ಎರಡನೇ ಅರ್ಧವನ್ನು ಹಾರಿಸಿಬಿಡುತ್ತಾರೆ. ನನ್ನನ್ನು ಕೇಳಿದರೆ ಕಷ್ಟ ಇರುವುದು ಅಲ್ಲೇ. ಜಾಗ, ಹೊತ್ತು, ಮನುಷ್ಯ ನೋಡಬೇಕಾದರೆ ನನ್ನ ಖುಷಿಯಿಂದ ಕಣ್ಣು ತೆಗೆದು ಎದುರಿಗಿರುವವರ ಮೇಲೆ ಇಡಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತಲ್ಲ, ಆಗ ಆಚೆ ದಡದ ಉಳುವರೆಯ ಮನೆಗಳಿಗೂ ನದಿಯ ನೀರು ನುಗ್ಗಿತು. ಕಳೆದುಹೋದವರ ಹುಡುಕಾಟ ಸೆಪ್ಟೆಂಬರ್ ಕೊನೆಯವರೆಗೂ ನಡೆಯಿತು. ಮೊದಲ ವಾರ ಸಹಾಯಕ್ಕೆ ಜನ ಓಡಿ ಬರುವುದು ಸಹಜ. ಮನೆ ಬಿದ್ದವರಿಗೆ ಅರ್ಜಿ ಬರೆದುಕೊಡಲು, ಕಚೇರಿಗೆ ಜೊತೆಗೆ ಹೋಗಲು ಒಬ್ಬರು ಬೇಕಾಗುವುದು ಆಮೇಲೆ, ಕ್ಯಾಮರಾಗಳು ಹೋದ ಮೇಲೆ.

ಎದುರಿಗಿರುವುದರ ಮೇಲೆ ಕಣ್ಣಿಟ್ಟು ಇಡೀ ಜೀವನ ಕಳೆದರೆ ಮನುಷ್ಯ ಏನಾಗುತ್ತಾನೆ? ಹೊನ್ನಳ್ಳಿಯ ತುಳಸಿ ಗೌಡರು ಆದ ಹಾಗೆ ಆಗುತ್ತಾನೆ. ಅಂಕೋಲಾದ ಹಾಲಕ್ಕಿ ಸಮುದಾಯದ ಹೆಂಗಸು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಣ್ಣ ವಯಸ್ಸಿನಲ್ಲೇ ಅಮ್ಮನ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಹೋಗಲು ಶುರು ಮಾಡಿದರು. ಯಾವ ಮರದ ಬೀಜ ಯಾವಾಗ ಹೆಕ್ಕಬೇಕು, ಯಾವ ಮರವನ್ನು ತಾಯಿಮರ ಅಂತ ಆರಿಸಬೇಕು, ಯಾವ ಬೀಜ ಹೇಗೆ ಮೊಳೆಯುತ್ತದೆ, ಎಲ್ಲ ಬಾಯಲ್ಲೇ ಇತ್ತು. ಅಧಿಕಾರಿಗಳೇ ಅವರನ್ನು ಕೇಳುತ್ತಿದ್ದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಹೆಸರು ಬಂತು. ಮರುವರ್ಷ ರಾಷ್ಟ್ರಪತಿ ಭವನಕ್ಕೆ ಹಾಲಕ್ಕಿಯವರ ಉಡುಗೆಯಲ್ಲೇ, ಬರಿಗಾಲಲ್ಲೇ ಹೋಗಿ ತಗೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಲ್ಲಿ ‘ನಾನು’ ಕರಗಿತ್ತು ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಅಷ್ಟು ಗುರುತಾಗಿ ಎದ್ದು ಕಾಣುವ ಮನುಷ್ಯರನ್ನು ನೀವು ಎಷ್ಟು ಜನ ನೋಡಿದ್ದೀರಿ?

ಅವರ ಬದುಕಿನಲ್ಲಿ ಇನ್ನೊಂದು ಸಂಗತಿಯೂ ಇದೆ. ದಶಕಗಟ್ಟಲೆ ಅವರು ದಿನಗೂಲಿ ತಗೊಂಡೇ ಕೆಲಸ ಮಾಡಿದರು. ಹೊಟ್ಟೆಗೆ ಬೇಕಿತ್ತು. ದುಡ್ಡು ತಗೊಂಡರೆ ಸೇವೆ ಅಲ್ಲ ಅನ್ನುವುದು ಹೊಟ್ಟೆ ತುಂಬಿದವರ ಮಾತು. ನೀವು ಸಂಬಳ ತಗೊಂಡು ಗಣಿತ ಕಲಿಸುತ್ತೀರಿ. ಆ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನಿಗಾಗಿ ನಿಮ್ಮ ಮನಸ್ಸು ಸವೆಯುವುದೂ ಸೇವೆಯೇ. ಶರಣರು ಕಾಯಕ ಅಂದಿದ್ದು ಇದನ್ನೇ.

ಶರಣರ ಮಾತು ಬಂತು, ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತೇ ಇರುತ್ತದೆ. ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ಇಬ್ಬರ ಊಟ, ಅದರಲ್ಲೇ ದಾಸೋಹ. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಗಂಡನಿಗೆ ಚೆನ್ನಾಗಿ ಹೇಳಿ, ಹೆಚ್ಚಿನ ಅಕ್ಕಿಯನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಕಥೆ ಹೇಳುವವರು ಅವಳಿಗೆ ಆಸೆ ಇರಲಿಲ್ಲ ಅನ್ನುವುದನ್ನು ಹೊಗಳುತ್ತಾರೆ. ನಾನು ನೋಡುವುದು ಅವಳ ಗಟ್ಟಿತನವನ್ನು. ಬೇಡ ಅಂತ ಹೇಳಲು ಬರುತ್ತಿತ್ತು ಅವಳಿಗೆ, ಅದೂ ಗಂಡನಿಗೆ. ಇನ್ನೂ ಒಂದು ನೋಡಿ. ತನ್ನದೆಂಬುದೆಲ್ಲ ಬಿಟ್ಟ ಆ ಶರಣರು ತಮ್ಮ ವಚನಗಳಿಗೆ ಒಬ್ಬೊಬ್ಬರೂ ಬೇರೆ ಬೇರೆ ಅಂಕಿತ ಇಟ್ಟುಕೊಂಡರು. ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಅಂತ ಬಂದರೆ ಅದು ಲಕ್ಕಮ್ಮನದೇ, ಬಸವಣ್ಣನದೂ ಅಲ್ಲ, ಮಾರಯ್ಯನದೂ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆಯಾಗಿದ್ದು ಈ ಬೇಡ ಅನ್ನುವ ಮಾತು ಎಲ್ಲೂ ಇಲ್ಲದ್ದು. ‘ಆರೈಕೆ ಪೂರ್ತಿ ನನ್ನದೇ’ ಅಂತ ಬರೆದಿದ್ದೀರಿ. ಯಾಕೆ ಪೂರ್ತಿ? ಅವರಿಗೆ ಮಗ ಇದ್ದಾರೆ. ಬೇರೆ ಮಕ್ಕಳೂ ಇರಬಹುದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಗಲು ರಾತ್ರಿ ಇದನ್ನು ಒಬ್ಬರೇ ಮಾಡಲು ಆಗುವುದಿಲ್ಲ, ಮಾಡಲೂಬಾರದು. ಮನೆಯ ಹೆಂಗಸು ಒಬ್ಬಳೇ ಎಲ್ಲ ಹೊತ್ತು, ಉಳಿದವರು ‘ನಮ್ಮನೆಯವಳು ಸಾಕ್ಷಾತ್ ದೇವತೆ’ ಅಂತ ಹೊಗಳುತ್ತಾ ಟಿ.ವಿ. ಎದುರು ಕೂತರೆ, ಅದು ಅವರಿಗೆ ಸಿಕ್ಕ ಅನುಕೂಲ. ಅದನ್ನು ನಿಮ್ಮ ಸಾಧನೆ ಅಂತ ತಿಳಿಯಬೇಡಿ. ನಿಸ್ವಾರ್ಥ ಸೇವೆ ಅನ್ನಬೇಕಾದರೆ ಅದು ನೀವಾಗಿ ಕೊಟ್ಟಿದ್ದಾಗಿರಬೇಕು. ಬೇರೆ ದಾರಿಯೇ ಇಲ್ಲದೆ ಹೊತ್ತ ಹೊರೆಗೆ ಆಧ್ಯಾತ್ಮದ ಹೆಸರಿಟ್ಟರೆ ಹೊರೆ ಹಗುರಾಗುವುದಿಲ್ಲ, ಆಧ್ಯಾತ್ಮದ ಹೆಸರು ಕೆಡುತ್ತದೆ. ರಾತ್ರಿ ಪಾಳಿಯಲ್ಲಿ ಅರ್ಧ ನಿಮ್ಮ ಯಜಮಾನರು ನೋಡಿಕೊಳ್ಳಲಿ. ಹಾಗೆ ಕೇಳಿದರೆ ನಿಮ್ಮ ಸೇವೆ ಕಮ್ಮಿಯಾಗುವುದಿಲ್ಲ. ತಾಯಿಯ ಸೇವೆ ಮಾಡುವ ಅವಕಾಶ ಮಗನಿಗೂ ಸಿಗುತ್ತದೆ.

ಹಾಗಂತ ಅತ್ತೆಯ ಆರೈಕೆ ಸಣ್ಣದು, ಬಳಗದ ಕೆಲಸ ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಉಲ್ಟಾ. ನೂರು ಜನ ಅಪರಿಚಿತರಿಗೆ ಊಟ ಕೊಡುವುದು ಸುಲಭ, ದಿನಾ ಅದೇ ಕೊಂಕು ಮಾತಾಡುವ ಒಬ್ಬರಿಗೆ ಗಂಜಿ ಕುಡಿಸುವುದು ಕಷ್ಟ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ, ಯಾಕೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ, 22ರ ವಯಸ್ಸಿನಲ್ಲಿ, ರವೀಂದ್ರರು ಇಲ್ಲಿಗೆ ಬಂದು ಉಳಿದರು. ಆಗ ಅವರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’. ಅದರಲ್ಲಿ ಒಬ್ಬ ಸಂನ್ಯಾಸಿ. ಪ್ರೀತಿ, ಮೋಹ, ಸಂಬಂಧ ಎಲ್ಲ ಕಡಿದುಕೊಂಡು ಗುಹೆಯಲ್ಲಿ ಕೂತು, ತಾನು ಗೆದ್ದೆ ಅಂದುಕೊಂಡವನು. ಊರಿನವರು ಹತ್ತಿರ ಸೇರಿಸದ ಒಬ್ಬ ಅನಾಥ ಹುಡುಗಿ ಅವನ ಹಿಂದೆ ಬರುತ್ತಾಳೆ. ಅವಳ ಮೇಲೆ ಮಮತೆ ಹುಟ್ಟಿದ್ದು ನೋಡಿ ಅವನಿಗೆ ಹೆದರಿಕೆ. ಬಿಟ್ಟು ಓಡಿಹೋಗುತ್ತಾನೆ. ಕೊನೆಗೆ ದಂಡ ಕಮಂಡಲ ಎಸೆದು ವಾಪಸ್ ಬರುವಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ. ಸೀಮೆಯ ಒಳಗೇ ಅಸೀಮವನ್ನು ಕಾಣುವ ಸಂತೋಷ, ತಾನು ಮುಂದೆ ಬರೆದಿದ್ದಕ್ಕೆಲ್ಲ ಇದೇ ವಸ್ತು ಅಂತ ಈ ನಾಟಕದ ನೆಪದಲ್ಲಿ ಅವರು ಆಮೇಲೆ ಹೇಳಿಕೊಂಡಿದ್ದಾರೆ.

ಆ ಸಂನ್ಯಾಸಿ ‘ನಾನು’ ಕರಗಬೇಕು ಅಂತಲೇ ಹೊರಟವನು. ಗುಹೆಯಲ್ಲಿ ಕೂತಷ್ಟೂ ಅದು ಬೆಳೆದಿತ್ತು, ಜಗತ್ತನ್ನೇ ಗೆದ್ದವನು ನಾನು ಅನ್ನುವಷ್ಟು. ಒಬ್ಬಳು ಹುಡುಗಿ, ಒಂದು ಮುಖ, ಒಂದು ಕೈ ಎದುರಿಗೆ ಬಂದಾಗ ಅದು ಅಲ್ಲಾಡಿತು. ಸೇವೆ ಅನ್ನುವುದು ಯಾವಾಗಲೂ ಹೀಗೆ ಒಬ್ಬರಿಂದ ಒಬ್ಬರಿಗೆ ಆಗುವುದು. ‘ಮನುಕುಲದ ಸೇವೆ’ ಅನ್ನುತ್ತೇವೆ, ಆದರೆ ಯಾರೂ ಮನುಕುಲಕ್ಕೆ ಗಂಜಿ ಕುಡಿಸಿದ್ದಿಲ್ಲ. ಅತ್ತೆಗೆ ಕುಡಿಸುತ್ತೀರಿ. ಅವರೂ ಒಂದು ವ್ಯಕ್ತಿ, ಹಾಸಿಗೆಯಲ್ಲಿರುವ ಕೆಲಸವಲ್ಲ. ಮೈ ಒರೆಸುವಾಗ ಅವರ ತವರಿನ ಕಥೆ ಕೇಳಿದ್ದೀರಾ? ಇಲ್ಲದಿದ್ದರೆ ಒಮ್ಮೆ ಕೇಳಿ ನೋಡಿ.

ಹಾರ್ಮೋನಿಯಂ ತೆಗೆಯಿರಿ. ಇದಕ್ಕೆ ನಾನು ಕಾರಣ ಕೊಡಬೇಕೆಂದಿಲ್ಲ, ಆದರೂ ಕೊಡುತ್ತೇನೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡ ಅವರು ಹಾಲಕ್ಕಿ ಹಾಡುಗಳ ಕಣಜವಾಗಿದ್ದರು. ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರೂ ಅವರೇ. ಹೋರಾಟಕ್ಕೆ ಇಳಿದೆ ಅಂತ ಹಾಡು ಬಿಡಲಿಲ್ಲ, ಹಾಡುಗಾತಿ ಅಂತ ಹೋರಾಟದಿಂದ ದೂರ ಉಳಿಯಲಿಲ್ಲ. ನೀವು ಹಾಡುವ ವಿಷಯದಲ್ಲಿ ನನ್ನದೊಂದು ಷರತ್ತಿದೆ. ಅದನ್ನೂ ಸೇವೆಯ ಪಟ್ಟಿಗೆ ಸೇರಿಸಬೇಡಿ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಾಡುತ್ತೇನೆ, ಬಳಗದ ಕಾರ್ಯಕ್ರಮಕ್ಕೆ ಹಾಡುತ್ತೇನೆ ಅಂತ ಹೊರಟರೆ ಅದೂ ಇನ್ನೊಂದು ಡ್ಯೂಟಿ ಆಗುತ್ತದೆ. ಸುಮ್ನೆ ನಿಮಗೆ ಅಂತ ಹಾಡಿ. ನನಗೂ ಬೆಳೆಯಬೇಕು ಅನ್ನಿಸುವುದು ಸ್ವಾರ್ಥವಾ ಅಂತ ನಿಮಗೆ ಅನುಮಾನ ಬರಬಹುದು. ವಿವೇಕಾನಂದರು 1897ರಲ್ಲಿ ಶುರು ಮಾಡಿದ ರಾಮಕೃಷ್ಣ ಮಿಷನ್ನಿನ ಧ್ಯೇಯವಾಕ್ಯವೇ ‘ಆತ್ಮನೋ ಮೋಕ್ಷಾರ್ಥಂ ಜಗದ್ಧಿತಾಯ ಚ’. ತನ್ನ ಮೋಕ್ಷಕ್ಕೆ, ಜಗತ್ತಿನ ಹಿತಕ್ಕೂ. ತನ್ನದನ್ನು ಮೊದಲೇ ಹೇಳಿದ್ದಾರೆ, ನಾಚಿಕೊಂಡಿಲ್ಲ.

ಬಳಗದಲ್ಲಿ ಏನು ಮಾಡಬಹುದು? ಬಿಡುವುದು ಬೇಡ. ಸ್ವಲ್ಪ ದಿನ ಊಟ ಕೈಗೆ ಕೊಡುವ ಕೆಲಸ ಬೇರೆಯವರಿಗೆ ಬಿಟ್ಟು ನೀವು ಹಿಂದಿನ ಕೆಲಸ ತಗೊಳ್ಳಿ. ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು, ಲೆಕ್ಕ ಬರೆಯುವುದು. ಅಲ್ಲಿ ಥ್ಯಾಂಕ್ಸ್ ಹೇಳಲು ಯಾರೂ ಇರುವುದಿಲ್ಲ, ಹೇಳದೆ ಹೋದರು ಅಂತ ಅನ್ನಿಸುವುದೂ ಇಲ್ಲ. ಸಿಟ್ಟು ಅಲ್ಲೂ ಬಂದರೆ ಅದು ಸುಸ್ತು. ಬರಲಿಲ್ಲ ಅಂದರೆ ಎದುರಿನವರ ಮಾತಿಗೆ ಕಾಯುತ್ತಿದ್ದ ಲೆಕ್ಕದ ‘ನಾನು’ ಯಾರು ಅಂತ ನಿಮಗೇ ಗೊತ್ತಾಗುತ್ತದೆ. ಸಂಜೆ ಪಾಠ ಮಾತ್ರ ಬಿಡಬೇಡಿ. ಅದು ನಿಮ್ಮದೇ ಕೆಲಸ, ಊಟ ಯಾರು ಬೇಕಾದರೂ ಕೊಡಬಹುದು.

ತಗೊಳ್ಳುವುದನ್ನೂ ಸ್ವಲ್ಪ ರೂಢಿ ಮಾಡಿಕೊಳ್ಳಿ. ನಮ್ಮ ಹಿರಿಯರಲ್ಲಿ ಮುಯ್ಯಾಳು ಇತ್ತಲ್ಲ, ಇವತ್ತು ನಿಮ್ಮ ಗದ್ದೆ ನೆಟ್ಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಅದರಲ್ಲಿ ಲೆಕ್ಕ ಇತ್ತು, ಆದರೆ ಯಾರೂ ಮೇಲೆ ಕೆಳಗೆ ಆಗುತ್ತಿರಲಿಲ್ಲ. ಬರೀ ಕೊಡುತ್ತಲೇ ಇರುವವರು ತಮಗೇ ಗೊತ್ತಿಲ್ಲದೆ ಒಂದು ಮೆಟ್ಟಿಲು ಮೇಲೆ ನಿಂತುಬಿಡುತ್ತಾರೆ. ಪಕ್ಕದ ಮನೆಯವರು ‘ಇವತ್ತು ಮಧ್ಯಾಹ್ನ ನಾನು ನಿಮ್ಮ ಅತ್ತೆ ಹತ್ತಿರ ಕೂರ್ತೇನೆ, ನೀವು ಮಲಗಿ’ ಅಂದರೆ ‘ಅಯ್ಯೋ ಬೇಡ’ ಅನ್ನಬೇಡಿ. ಮಲಗಿ.

ಗೀತೆಯನ್ನು ಮೊದಲ ಅಧ್ಯಾಯದಿಂದ ಹಿಡಿಯಬೇಡಿ, ಶಂಖಗಳ ಹೆಸರು ಓದುವಷ್ಟರಲ್ಲಿ ನಿದ್ದೆ ಬರುತ್ತದೆ. 3ನೇ ಅಧ್ಯಾಯದಿಂದ ಶುರು ಮಾಡಿ. ಅದರ 35ನೇ ಶ್ಲೋಕ ನಿಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟಿದ್ದು. ಬೇರೆಯವರ ಧರ್ಮವನ್ನು ಚೆನ್ನಾಗಿ ಮಾಡುವುದಕ್ಕಿಂತ ತನ್ನದನ್ನು ಕೊರತೆಯಿದ್ದರೂ ಮಾಡುವುದು ಮೇಲು ಅಂತ ಅದರ ಮಾತು. ಇದನ್ನು ಜಾತಿಯ ಕೆಲಸ ಅಂತ ಓದಿದವರಿದ್ದಾರೆ. ನಾನು ಹಾಗೆ ಓದುವುದಿಲ್ಲ, ನೀವೂ ಓದಬೇಡಿ. ಆಮೇಲೆ 12ನೇ ಅಧ್ಯಾಯ, ಇಪ್ಪತ್ತೇ ಶ್ಲೋಕ. 13ನೆಯದರಿಂದ ಕೊನೆಯವರೆಗೆ ಬೆಳೆದ ಮನುಷ್ಯ ಹೇಗಿರುತ್ತಾನೆ ಅನ್ನುವ ವಿವರ ಬರುತ್ತದೆ. ಅದು ಮುಗಿದ ಮೇಲೆ 17ನೇ ಅಧ್ಯಾಯದ 20, 21, 22. ನಾನು ಮೇಲೆ ಹೇಳಿದ ಸಾತ್ವಿಕ ದಾನ 20ನೆಯದು. ಪ್ರತಿಫಲಕ್ಕೆ ಕಾಯುವ ದಾನ 21ರಲ್ಲಿದೆ, ತಾತ್ಸಾರ ಮಾಡಿ ಕೊಡುವುದು 22ರಲ್ಲಿ. ಮೊದಲ ಸಲ ಓದುವಾಗ ದಪ್ಪ ವ್ಯಾಖ್ಯಾನ ಬೇಡ, ಬರೀ ಕನ್ನಡ ತಾತ್ಪರ್ಯ ಇರುವ ಸಣ್ಣ ಪುಸ್ತಕ ಸಾಕು. ಶಂಕರರು ಮತ್ತು ಮಧ್ವರು ಎಲ್ಲೆಲ್ಲಿ ಜಗಳವಾಡುತ್ತಾರೆ ಅನ್ನುವುದನ್ನು ಎರಡನೇ ಸಲ ಓದುವಾಗ ನೋಡಿಕೊಂಡರಾಯ್ತು.